ದ್ಯಾಮವ್ವನ ಗಂಟಲಿಗೊಂದು ಮಿಂಚಿನ ಅಲಗು

ಕಲ್ಲಗಡದ ಬಸ್ ನಿಲ್ದಾಣದಲ್ಲಿ ನಿಂತು ದ್ಯಾಮವ್ವ ಕಮ್ಮಾರ ‘ಇಳಕಲ್ಲ...’ ಎಂದು ಒಮ್ಮೆ ಕೂಗಿದರೆ, ಅಲ್ಲಿ ಇಳಕಲ್ಲಿನಲ್ಲಿ ಜನ ಎದ್ದು ನಿಂತು ಸೀಟು ಹಿಡಿಯಲು ಟವೆಲ್ಲು ಹುಡುಕುತ್ತಿದ್ದರು. ಈ ಮಾತಿನಲ್ಲಿ ಉತ್ಪ್ರೇಕ್ಷೆ ಏನಾದರೂ ಇದ್ದರೆ ಅದು ಟವೆಲ್ಲಿನ ವಿಷಯದಲ್ಲಿ ಮಾತ್ರ. ಕೆಲವರು ಕರ್ಚೀಫನ್ನೂ ಹುಡುಕುತ್ತಿದ್ದರಂತೆ. ನಿಲ್ದಾಣಕ್ಕೆ ಒಮ್ಮೆ ಮೈಕು ಬಂದಿತ್ತು. ಬಸ್ಸು ಬಿಡುವ ಕಂಟ್ರೋಲರ್ ದ್ಯಾಮವ್ವ ಅದರ ಮುಂದೆ ಬಾಯಿ ತೆರೆದಳು. ಅಂದು ಕಪಾಟು ಸೇರಿದ ಮೈಕು ನಾಚಿಕೆಯಿಂದ ಇನ್ನೂ ಹೊರಗೆ ಬಂದಿಲ್ಲ. ಹೊರಟುಹೋದ ಬಸ್ಸನ್ನು ಮುಂದಿನ ಊರಿನಿಂದ ಹಿಂದಕ್ಕೆ ಕರೆಸಿದ ಗಂಟಲು ಅದು. ಒದೆಯುವ ಎಮ್ಮೆಗೆ ಅವಳು ಒಂದು ಸಲ ಗದರಿದರೆ ಅದು ಬೆಳಗಿನ ಹಾಲಿನ ಜೊತೆ ಸಂಜೆಯದನ್ನೂ ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು.

ಅಂಥ ಗಂಟಲಿನೊಳಗೆ ಒಂದು ಗಂಟು ಹುಟ್ಟಿತು. ಗಾತ್ರ ಸಾಸಿವೆ ಕಾಳಿನಷ್ಟು. ಧ್ವನಿಯ ಪರದೆಗಳನ್ನು ಅಲ್ಲಾಡಿಸುವ ನರದ ಮೇಲೆ ಅದು ಹಲ್ಲಿಯ ಹಾಗೆ ಕಚ್ಚಿಕೊಂಡು ಕೂತಿತು. ಮಳೆಗಾಲ ಮುಗಿಯುವಷ್ಟರಲ್ಲಿ ದ್ಯಾಮವ್ವನ ಕೂಗು ಒಡಕು ತಮಟೆಯ ಸದ್ದಾಯಿತು, ಆಮೇಲೆ ಸೀಳು ಬಿದ್ದ ಕೊಳಲಿನ ಸದ್ದಾಯಿತು. ಗಂಟಲಿನ ತಜ್ಞೆ ಡಾಕ್ಟರ್ ರೆಹಾನಾ ಮುಲ್ಲಾ ಫೋಟೊ ತೆಗೆಸಿ ನೋಡಿ, ಸುತ್ತಿ ಬಳಸಿ ಹೇಳುವವರಲ್ಲವಾದ್ದರಿಂದ ನೇರವಾಗಿ ಹೇಳಿದರು.

“ಅಮ್ಮಾರ, ಕತ್ತರಿ ಹಾಕಿದ್ರ ಗಂಟು ಹೋಗ್ತೈತಿ, ಅದರ ಜೋಡಿ ನರಾನೂ ಹೋಗ್ತೈತಿ. ಹಂಗ ಬಿಟ್ರ ಆ ಗಂಟ ನರಾ ತಿಂದು ಬಿಡ್ತೈತಿ. ದೀಪಾವಳಿ ದಾಟೂದು ಬ್ಯಾಡ.”

ದ್ಯಾಮವ್ವ ಜೀವಕ್ಕೆ ಅಪಾಯವೇ ಎಂದು ಕೇಳಲಿಲ್ಲ. ಜೀವದ ಮಾತು ಬದಿಗಿರಲಿ, ಕೂಗಲು ಬರುತ್ತದೋ ಇಲ್ಲವೋ ಅದನ್ನು ಹೇಳು ಎಂದು ಕೇಳಿದಳು. ಆಗ ರೆಹಾನಾ ಅವಳ ಪಕ್ಕದಲ್ಲಿ ಕೂತಿದ್ದ ಸೊಸೆಯ ಮುಖ ನೋಡಿದರು. ಏಕೆಂದರೆ ಆ ಪ್ರಶ್ನೆಗೆ ಉತ್ತರ ಇದ್ದದ್ದು ಆಸ್ಪತ್ರೆಯಲ್ಲಲ್ಲ, ಸೊಸೆ ನೀಲಾಂಬಿಕೆ ಕೆಲಸ ಮಾಡುವ ಗುಡ್ಡದ ಹೊಟ್ಟೆಯೊಳಗೆ.

ಕಲ್ಲಗಡದ ಹಿಂದಿನ ಗುಡ್ಡದೊಳಗೆ ಒಂದು ಬಳೆ ಇದೆ. ಬೋರ್ಡಿನ ಮೇಲೆ ‘ಎಲೆಕ್ಟ್ರಾನ್ ವೇಗವರ್ಧಕ ಕೇಂದ್ರ’ ಎಂದು ಬರೆದಿದ್ದರೂ ಊರಿನವರ ಪಾಲಿಗೆ ಅದು ಬಳೆಯೇ. ದೊಡ್ಡ ಕೆರೆಯ ಸುತ್ತಳತೆಯ ಉಕ್ಕಿನ ಕೊಳವೆ. ಒಳಗೆ ಗಾಳಿಯ ಸುಳಿವೂ ಇಲ್ಲ. ಅಲ್ಲಿ ಎಲೆಕ್ಟ್ರಾನುಗಳ ಗುಂಪು ಸುತ್ತುತ್ತಿರುತ್ತದೆ. ನೀವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅವು ಭೂಮಿಯನ್ನು ಎರಡು ಸುತ್ತು ಹಾಕುವಷ್ಟು ದೂರ ಓಡಿರುತ್ತವೆ, ಮತ್ತು ಈ ಇಡೀ ಕಥೆಯಲ್ಲಿ ಹಿಗ್ಗಿಸದೆ ಹೇಳಿದ ಮಾತು ಇದೊಂದೇ ಎಂದು ಯಾರಾದರೂ ಅಂದರೆ ಅಂದುಕೊಳ್ಳಲಿ. ದಾರಿಯುದ್ದಕ್ಕೂ ನಿಂತ ಅಯಸ್ಕಾಂತಗಳು ಆ ಗುಂಪನ್ನು ಜೋಳದ ರೊಟ್ಟಿ ಬಡಿದ ಹಾಗೆ ಬಡಿದು ಬಡಿದು ಚಪ್ಪಟೆ ಮಾಡುತ್ತವೆ. ರೊಟ್ಟಿಯನ್ನು ಅಂಚಿನಿಂದ ನೋಡಿದರೆ ಹೇಗೆ ಗೆರೆಯಂತೆ ಕಾಣುತ್ತದೋ, ಹಾಗೆ ಈ ಎಲೆಕ್ಟ್ರಾನಿನ ರೊಟ್ಟಿಯ ಅಂಚನ್ನು ಬಳೆಯಿಂದ ಹೊರಕ್ಕೆ ಚಿಮ್ಮಿಸಿ ಕತ್ತಿಯಂತೆ ಬಳಸಿದರೆ? ಅದೇ ಮಿಂಚಿನ ಅಲಗು. ಕೂದಲನ್ನು ನೂರು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನ ದಪ್ಪ. ಒಂದೊಂದು ಸಲ ಒಂದೊಂದು ದಿಕ್ಕಿನಿಂದ ಕುತ್ತಿಗೆಯೊಳಗೆ ಹಾಯುತ್ತದೆ. ಚರ್ಮಕ್ಕೆ ಗೊತ್ತಾಗುವುದಿಲ್ಲ, ಮಾಂಸಕ್ಕೆ ಗೊತ್ತಾಗುವುದಿಲ್ಲ. ಎಲ್ಲ ದಿಕ್ಕುಗಳೂ ಕೂಡುವ ಜಾಗದಲ್ಲಿ ಕೂತ ಗಂಟಿಗೆ ಮಾತ್ರ ಗೊತ್ತಾಗುತ್ತದೆ. ನರದ ಮೇಲಿನಿಂದ ಗಂಟನ್ನು ಹೆರೆದು ಹಾಕಿ ನರವನ್ನು ಹಾಗೇ ಬಿಡಬಲ್ಲ ಕತ್ತಿ ಭೂಮಿಯ ಮೇಲೆ ಅದೊಂದೇ.

ಆದರೆ ಒಂದು ತೊಡಕಿತ್ತು. ಅಲಗು ನಿಜಕ್ಕೂ ಅಷ್ಟು ತೆಳ್ಳಗಿದೆಯೋ ಇಲ್ಲವೋ ಎಂದು ಅಳೆಯುವವರು ಯಾರು? ಹಳೆಯ ಪದ್ಧತಿಯಲ್ಲಿ ಎಲೆಕ್ಟ್ರಾನುಗಳ ದಾರಿಗೆ ತೆಳ್ಳನೆಯ ತಂತಿಯನ್ನು ಅಡ್ಡ ಹಿಡಿಯುತ್ತಿದ್ದರು. ಓಡುವ ರೈಲಿನ ಅಗಲ ತಿಳಿಯಲು ಕಿಟಕಿಯಿಂದ ಕೈ ಚಾಚಿದ ಹಾಗೆ ಅದು. ಅಳತೆ ಸಿಗುತ್ತದೆ, ಕೈ ಉಳಿಯುವುದಿಲ್ಲ, ರೈಲೂ ಕೆಡುತ್ತದೆ. ನೀಲಾಂಬಿಕೆ ಬೇರೆ ದಾರಿ ಹಿಡಿದಳು. ತಿರುವಿನಲ್ಲಿ ಬಸ್ಸು ಹೊರಳಿದಾಗ ಟಾಪಿನ ಮೇಲಿನ ಚೀಲ ಜಾರಿ ಬೀಳುವಂತೆ, ಎಲೆಕ್ಟ್ರಾನುಗಳು ಬಳೆಯಲ್ಲಿ ತಿರುಗುವಾಗ ಬೆಳಕನ್ನು ಚೆಲ್ಲುತ್ತವೆ. ಚೆಲ್ಲಿದ ಬೆಳಕನ್ನು ಹಿಡಿದರೆ ಸಾಕು, ಎಲೆಕ್ಟ್ರಾನನ್ನು ಮುಟ್ಟುವುದೇ ಬೇಡ. ಆ ಬೆಳಕನ್ನು ನೋಡಿ ಅಲಗಿನ ದಪ್ಪವನ್ನೂ ಅದು ಎಷ್ಟು ಓರೆಯಾಗಿದೆ ಎಂಬುದನ್ನೂ ಕ್ಷಣಕ್ಷಣಕ್ಕೆ ಹೇಳುವ ಯಂತ್ರವೊಂದನ್ನು ಅವಳು ಕಟ್ಟಿದ್ದಳು. ಹೆಸರು ‘ಚೂಪುಗಣ್ಣು’. ಜಗತ್ತಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಇದ್ದರೂ ಕಲ್ಲಗಡದವರು ಒಪ್ಪುವುದಿಲ್ಲ.

ಅಲಗು ಬೇಕಾದಷ್ಟು ತೆಳ್ಳಗಾಗುತ್ತಿರಲಿಲ್ಲ, ಅದೇ ಗೋಳು. ವರ್ಷವೆಲ್ಲ ತಿಣುಕಿದರೂ ಅದು ಬೇಕಾದದ್ದರ ಎರಡು ಪಟ್ಟು ದಪ್ಪವಾಗಿಯೇ ಉಳಿದಿತ್ತು. ಹಾಗಿರುವಾಗ ದಸರೆಯ ಖಂಡೇಪೂಜೆ ಬಂತು.

ಖಂಡೇಪೂಜೆಯ ದಿನ ಆ ಕಡೆಯವರು ಕುಡಗೋಲಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಎತ್ತುವುದಿಲ್ಲ. ಅರಸನೇ ಬಂದು ಕೇಳಿದರೂ ಎತ್ತುವುದಿಲ್ಲ. ಕೇಂದ್ರದಲ್ಲೂ ಪೂಜೆ ಇತ್ತು, ಆದರೆ ಬಳೆ ಇರುವ ಸುರಂಗದೊಳಗೆ ಬಿಡಿ ಕಬ್ಬಿಣ ಒಯ್ಯಬಾರದೆಂಬ ನಿಯಮ ಕಲ್ಲಿನಲ್ಲಿ ಕೆತ್ತಿದಷ್ಟು ಬಿಗಿಯಾಗಿತ್ತು. ನಿಯಮ ದ್ಯಾಮವ್ವನಿಗೆ ತಿಳಿದಿರಲಿಲ್ಲವೆಂದಲ್ಲ, ತನಗೆ ಅನ್ವಯಿಸುತ್ತದೆಂದು ಅವಳಿಗೆ ಅನ್ನಿಸಿರಲಿಲ್ಲ.

“ಮುಂದ ನನ್ನ ಕುತ್ತಿಗಿ ಕೊಯ್ಯು ಮಷಿನ್ನು ಅದು,” ಎಂದು ಅವಳು ಗರಗರ ಧ್ವನಿಯಲ್ಲಿ ಸೊಸೆಗೆ ಹೇಳಿದಳು. “ನನ್ನ ಮಗನ ಪಾನಾ ಅದರ ಮಗ್ಗಲಕ್ಕ ಇಟ್ಟು ಕುಂಕುಮ ಹಚ್ಚಿ ಬಾ. ಮನಿ ಕಬ್ಬಿಣದ ಗುರುತು ಹಿಡಿದು ನಡೀಲಿ ಅದು.”

ಮಗ ಚನ್ನವೀರ ಬೋರ್‌ವೆಲ್ ಪಂಪು ರಿಪೇರಿ ಮಾಡುವವನು. ಅವನ ಪೈಪ್ ಪಾನಾ, ಅಂದರೆ ಪೈಪು ತಿರುಗಿಸುವ ಸ್ಪ್ಯಾನರು, ಮೊಣಕೈಯುದ್ದದ, ಕೂಸಿನ ತೂಕದ ಆಯುಧ. ನೀಲಾಂಬಿಕೆ ಮೂರು ಸಲ ಆಗದೆಂದಳು. ನಾಲ್ಕನೆಯ ಸಲ ಅತ್ತೆ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಪೂಜೆಯ ಬೆಳಿಗ್ಗೆ ಊಟದ ಚೀಲದಲ್ಲಿ ರೊಟ್ಟಿಯ ಕೆಳಗೆ ಮಲಗಿ ಪಾನಾ ಸುರಂಗ ಸೇರಿತು. ಒಂದು ಅಯಸ್ಕಾಂತದ ಪಕ್ಕದ ಉಕ್ಕಿನ ಪೀಠದ ಮೇಲೆ ಅದನ್ನಿಟ್ಟು, ಕುಂಕುಮ ಹಚ್ಚಿ, ಹೂ ಏರಿಸಿ, ಕಳ್ಳ ಬೆಕ್ಕಿನಂತೆ ಅವಳು ಹೊರಬಂದಳು. ಬಳೆಯನ್ನು ಶಾಸ್ತ್ರಕ್ಕೆಂದು ಒಂದಿಷ್ಟು ಹೊತ್ತು ಓಡಿಸಿದರು.

ಚೂಪುಗಣ್ಣಿನ ಪರದೆಯ ಮೇಲಿನ ಅಂಕಿ ಇಳಿಯತೊಡಗಿತು. ಇಳಿಯಿತು, ಇನ್ನೂ ಇಳಿಯಿತು. ಬೇಕಾದ ಗೆರೆಯನ್ನು ದಾಟಿ ಕೆಳಗೆ ಹೋಗಿ ನಿಂತಿತು. ಓರೆ ಎಂಬುದು ಸೊನ್ನೆ. ನಿಯಂತ್ರಣ ಕೊಠಡಿಯಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಉಸಿರಾಡಿದ್ದರಿಂದ ಏಸಿ ಕೆಟ್ಟಿತು. ಮುಖ್ಯಸ್ಥ ಡಾಕ್ಟರ್ ಪಶುಪತಿ ಶಾನುಭೋಗರು ಮೈಸೂರು ಕಡೆಯ ನಿಧಾನಸ್ಥರು, ತಮ್ಮ ಮದುವೆಯಲ್ಲೂ ನಕ್ಕಿರಲಿಲ್ಲವಂತೆ. ಅವರು ಅಂದು ಎರಡು ಹಲ್ಲು ತೋರಿಸಿದರು. ಸುದ್ದಿ ಗುಡ್ಡ ಇಳಿಯುವ ಮೊದಲೇ ಊರಿನಲ್ಲಿ ಮಂಡಕ್ಕಿ ಗಿರಮಿಟ್ ಅಂಗಡಿಯವನು ಬೋರ್ಡು ಬದಲಿಸಿ ‘ಎಲೆಕ್ಟ್ರಾನ್ ಗಿರಮಿಟ್’ ಎಂದು ಬರೆಸಿದ. ಮಿಂಚಿನ ಅಲಗಿಗೆ ಮೊದಲ ರೋಗಿ ದ್ಯಾಮವ್ವ ಎಂದು ರೆಹಾನಾ ದಿನ ಗೊತ್ತು ಮಾಡಿದರು.

ಬನ್ನಿಯ ದಿನ ಎಲ್ಲರೂ ಎಲೆ ಹಂಚಿಕೊಂಡು ಬಂಗಾರದಂತೆ ಇರೋಣ ಎಂದರು. ನೀಲಾಂಬಿಕೆ ಸುರಂಗಕ್ಕೆ ಹೋಗಿ ಪಾನಾವನ್ನು ಊಟದ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಳು.

ಅದರ ಮರುದಿನ ಬಳೆ ಓಡಿಸಿದಾಗ ಅಲಗು ಮತ್ತೆ ದಪ್ಪವಾಗಿತ್ತು. ದಪ್ಪವಷ್ಟೇ ಅಲ್ಲ, ಗಾಳಿಗೆ ಬಾಗಿದ ಕಡ್ಡಿಯ ಹಾಗೆ ಓರೆಯಾಗಿತ್ತು. ಓರೆ ಅಲಗು ಗಂಟಿನ ಜೊತೆ ನರವನ್ನೂ ಹೆರೆದು ಹಾಕುತ್ತದೆ. ಸುರಂಗದೊಳಗೆ ಮಣಗಟ್ಟಲೆ ಉಕ್ಕು ಇರುವಾಗ ಒಂದು ಪಾನಾದ ನೆನಪು ಯಾರಿಗೆ ಬಂದೀತು? ನೀಲಾಂಬಿಕೆಗೂ ಬರಲಿಲ್ಲ. ಅವಳು ಕೇಬಲ್ಲು ನೋಡಿದಳು, ಪಂಪು ನೋಡಿದಳು, ಬೆಳಕು ಬರುವ ಗಾಜನ್ನು ತನ್ನ ಮಗುವಿನ ಮುಖ ಒರೆಸುವಂತೆ ಒರೆಸಿ ನೋಡಿದಳು. ಅಂಕಿ ಜಗ್ಗಲಿಲ್ಲ.

ಶಾನುಭೋಗರು ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು. ವರ್ಷವೆಲ್ಲ ದಪ್ಪಗಿದ್ದ ಅಲಗು ಒಂದೇ ಒಂದು ದಿನ ತೆಳ್ಳಗಾಯಿತು, ಆಮೇಲೆ ಇಲ್ಲ. ಇದಕ್ಕೆ ಎರಡೇ ಅರ್ಥ. ಒಂದೋ ಅಂದು ಬಳೆ ಬದಲಾಗಿತ್ತು, ಇಲ್ಲವೇ ಅಂದು ಚೂಪುಗಣ್ಣು ಸುಳ್ಳು ಹೇಳಿತ್ತು.

“ಬಳೆ ಬದಲಾಗಿಲ್ಲಮ್ಮ, ನಾವು ಯಾರೂ ಅದನ್ನ ಮುಟ್ಟಿಲ್ಲ,” ಎಂದರು ಅವರು. “ಒಂದು ಸಲ ಸುಳ್ಳು ಹೇಳಿದ ಕಣ್ಣನ್ನ ನಂಬಿ ನಿಮ್ಮತ್ತೆಯವರ ಕುತ್ತಿಗೆಗೆ ಅಲಗು ಹೊಡೆಯೋಕೆ ನಾನು ಸಹಿ ಹಾಕಲ್ಲ. ನೀವಾದ್ರೆ ಹಾಕ್ತೀರಾ?”

ತಾನೂ ಹಾಕುವುದಿಲ್ಲ ಎಂದು ನೀಲಾಂಬಿಕೆ ಒಪ್ಪಿಕೊಂಡಳು. ಅದೇ ಅವಳನ್ನು ಹೆಚ್ಚು ಚುಚ್ಚಿತು. ದೀಪಾವಳಿ ಹತ್ತಿರ ಬರುತ್ತಿತ್ತು.

ಮನೆಯಲ್ಲಿ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ನಿಲ್ದಾಣದಲ್ಲಿ ಈಗ ಅವಳು ಚಪ್ಪಾಳೆ ತಟ್ಟಿ, ಕೈಬೆರಳಿನಿಂದ ಊರು ತೋರಿಸಿ ಬಸ್ಸು ಹೊರಡಿಸುತ್ತಿದ್ದಳು. ಇಳಕಲ್ಲಿಗೆ ಹೋಗಬೇಕಾದ ಒಂದು ಮದುವೆ ದಿಬ್ಬಣ ಆ ಬೆರಳನ್ನು ನಂಬಿ ಬಾಗಲಕೋಟೆಗೆ ಹೋಗಿ ಬೇರೆಯವರ ಮದುವೆ ಊಟ ಮಾಡಿ ಬಂದಿತ್ತು, ಅಡುಗೆ ಚೆನ್ನಾಗಿತ್ತಂತೆ. ಸೊಸೆಯ ಮುಖ ನೋಡಿ ದ್ಯಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನೀಲಾಂಬಿಕೆ ಎಲ್ಲ ಹೇಳಿದಳು.

“ನಿನ್ನ ಕಣ್ಣು ಸುಳ್ಳ ಹೇಳ್ತೈತೇನ?” ಎಂದು ಅತ್ತೆ ಪಿಸುಗುಟ್ಟಿದಳು.

“ಗೊತ್ತಿಲ್ರಿ ಅತ್ತಿ.”

“ಗೊತ್ತಿಲ್ಲ ಅನ್ನು ಮಾತು ಡ್ರೈವರ್ ಬಾಯಾಗ ಬಂದ್ರ ನಾನು ಆ ಬಸ್ಸು ಬಿಡಂಗಿಲ್ಲ. ಗೊತ್ತ ಮಾಡ್ಕೊಂಡು ಬಾ. ಅಲ್ಲೀತನ ನಾನೂ ಮಲಗಂಗಿಲ್ಲ ಆ ಟೇಬಲ್ ಮ್ಯಾಲೆ.”

ಇಷ್ಟು ಹೇಳುವಷ್ಟರಲ್ಲಿ ಅವಳ ಧ್ವನಿ ಮೂರು ಕಡೆ ಹರಿದಿತ್ತು. ಮೊದಲಾಗಿದ್ದರೆ ಇದೇ ಮಾತಿಗೆ ಹಂಚಿನ ಮೇಲಿನ ರೊಟ್ಟಿ ತಾನೇ ಮಗುಚಿ ಬೀಳುತ್ತಿತ್ತು.

ಬೆಳಗಾಗುತ್ತಲೇ ನೀಲಾಂಬಿಕೆ ಹಠ ತೊಟ್ಟು ಕೂತಳು. ಚೂಪುಗಣ್ಣು ಸುಳ್ಳು ಹೇಳಿಲ್ಲ ಎಂದು ಹಿಡಿದರೆ ಬಳೆಯಲ್ಲಿ ಎಲ್ಲೋ ಒಂದು ಕಡೆ ತಿರುಚು ಇರಲೇಬೇಕು. ಎಲ್ಲಿ ಎಂದು ಕಂಡುಹಿಡಿಯಲು ಅವಳು ಹಲ್ಲಿನ ಡಾಕ್ಟರ ಉಪಾಯ ಮಾಡಿದಳು. ನೋವಿನ ಹಲ್ಲು ಯಾವುದೆಂದು ತಿಳಿಯಲು ಒಂದೊಂದನ್ನೇ ತಟ್ಟುತ್ತಾರಲ್ಲ, ಹಾಗೆ ಒಂದೊಂದು ಅಯಸ್ಕಾಂತದ ಹತ್ತಿರ ಎಲೆಕ್ಟ್ರಾನುಗಳನ್ನು ತುಸುವೇ ಆಚೆ ತಳ್ಳಿ, ಅಲಗು ಎಷ್ಟು ಓರೆಯಾಗುತ್ತದೆಂದು ಚೂಪುಗಣ್ಣಿನಲ್ಲಿ ನೋಡುತ್ತ ಹೋದಳು. ಮೊದಲನೆಯದು ಸುಮ್ಮನಿತ್ತು. ಎರಡನೆಯದೂ ಸುಮ್ಮನಿತ್ತು. ಹೀಗೆ ಅರ್ಧ ಬಳೆ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಅಯಸ್ಕಾಂತವನ್ನು ತಟ್ಟಿದಾಗ ಅಲಗು ಬಾಣಲೆಯೊಳಗಿನ ಮೀನಿನಂತೆ ಹೊರಳಿತು.

ಸಿಕ್ಕಿತು. ಆ ಅಯಸ್ಕಾಂತವನ್ನು ಕೂರಿಸಿದ ದಿನದಿಂದಲೇ ಅದು ಕೂದಲೆಳೆಯಷ್ಟು ವಾಲಿತ್ತು. ಬಳೆ ನಿಲ್ಲಿಸಿ, ಬಾಗಿಲು ತೆಗೆಸಿ, ಅವಳು ಸುರಂಗದಲ್ಲಿ ಓಡಿದಳು. ಓಡಿ ಹೋಗಿ ಆ ಅಯಸ್ಕಾಂತದ ಮುಂದೆ ನಿಂತು ನೋಡಿದರೆ, ಪಕ್ಕದ ಉಕ್ಕಿನ ಪೀಠದ ಮೇಲೆ ಒಣಗಿದ ಚೆಂಡುಹೂವಿನ ಎಸಳು, ಕುಂಕುಮದ ಪುಡಿ. ಆ ಪುಡಿಯ ನಡುವೆ, ಯಾರೋ ಚಿತ್ರ ಬರೆದಿಟ್ಟಂತೆ, ಖಾಲಿ ಉಳಿದ ಒಂದು ಪಾನಾದ ಆಕಾರ.

ನೀಲಾಂಬಿಕೆ ಅಲ್ಲೇ ನೆಲದ ಮೇಲೆ ಕೂತು ನಕ್ಕಳು, ಒಬ್ಬಳೇ, ಸುರಂಗ ತಿರುಗಿ ನಗುವವರೆಗೆ. ವಾಲಿದ ಅಯಸ್ಕಾಂತ ಎಲೆಕ್ಟ್ರಾನುಗಳನ್ನು ಒಂದು ಕಡೆಗೆ ತಿರುಚುತ್ತಿತ್ತು. ಅದರ ಮಗ್ಗುಲಲ್ಲಿ ಮಲಗಿದ ಕಬ್ಬಿಣ ಅದರ ಬಲವನ್ನು ಅಷ್ಟಿಷ್ಟು ತನ್ನ ಕಡೆ ಎಳೆದುಕೊಂಡು ಅದೇ ತಿರುಚನ್ನು ಇನ್ನೊಂದು ಕಡೆಗೆ ಬಿಚ್ಚಿತ್ತು. ಖಂಡೇಪೂಜೆಯ ದಿನ ಬಳೆ ನಿಜವಾಗಿಯೂ ಬದಲಾಗಿತ್ತು, ಬದಲಿಸಿದವಳು ಅವಳೇ. ಚೂಪುಗಣ್ಣು ಕಂಡದ್ದನ್ನು ಕಂಡ ಹಾಗೆ ಹೇಳಿತ್ತು.

ನಗು ಮುಗಿದ ಮೇಲೆ ಅವಳಿಗೆ ಬೆವರು ಬಂತು. ಇದನ್ನು ಶಾನುಭೋಗರಿಗೆ ಹೇಳಬೇಕಲ್ಲ. ಸುರಂಗಕ್ಕೆ ಬಿಡಿ ಕಬ್ಬಿಣ ಒಯ್ದವರನ್ನು ಮನೆಗೆ ಕಳಿಸುವುದು ಅಲ್ಲಿಯ ರೂಢಿ. ಅವಳು ಹೋಗಿ ನಿಂತೇ ಹೇಳಿದಳು, ರೊಟ್ಟಿಯ ಕೆಳಗೆ ಇಟ್ಟುಕೊಂಡು ಹೋದದ್ದನ್ನೂ ಬಿಡದೆ ಹೇಳಿದಳು. ಶಾನುಭೋಗರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

“ನಾಲ್ಕು ದೇಶದ ತಜ್ಞರು ಕೂತು ಕಟ್ಟಿದ ಯಂತ್ರ ಇದು. ಇದನ್ನ ಸರಿ ಮಾಡಿದ್ದು ನಿಮ್ಮ ಯಜಮಾನರ ಸ್ಪ್ಯಾನರು ಅಂತ ನಾನು ಯಾವ ಬಾಯಲ್ಲಿ ಹೇಳಲಮ್ಮ?”

“ನೀವು ಹೇಳಬ್ಯಾಡ್ರಿ ಸರ್. ಅಳತಿ ಹೇಳ್ತೈತಿ.”

ಅವರು ಲೆಕ್ಕ ಹಾಕಿ ನೋಡಿದರು. ವಾಲಿದ ಅಯಸ್ಕಾಂತವನ್ನು ನೆಟ್ಟಗೆ ಮಾಡಬೇಕೆಂದರೆ ಕಾಲು ಬಳೆಯನ್ನೇ ಬಿಚ್ಚಬೇಕು, ಯುಗಾದಿಯ ತನಕ ಕೆಲಸ. ದ್ಯಾಮವ್ವನ ನರ ಯುಗಾದಿಯ ತನಕ ಕಾಯುವುದಿಲ್ಲ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಕಬ್ಬಿಣ ಇಟ್ಟಾಗ ಅಲಗು ತೆಳ್ಳಗಾಗಬೇಕು, ತೆಗೆದಾಗ ದಪ್ಪವಾಗಬೇಕು, ಇಟ್ಟಾಗ ಮತ್ತೆ ತೆಳ್ಳಗಾಗಬೇಕು. ಎಷ್ಟು ಸಲ ಮಾಡಿದರೂ ಹಾಗೇ ಆಗಬೇಕು. ಹಾಗಾದರೆ ಸಹಿ. ಆಗದಿದ್ದರೆ ಚೂಪುಗಣ್ಣೂ ಇಲ್ಲ, ಕೆಲಸವೂ ಇಲ್ಲ. ಅಷ್ಟು ಹೇಳಿ, ಕನ್ನಡಕ ಹಾಕಿಕೊಂಡು, ಪಾನಾ ತನ್ನಿ ಎಂದರು.

ನೀಲಾಂಬಿಕೆ ಗಂಡನಿಗೆ ಫೋನು ಮಾಡಿದಳು. ಚನ್ನವೀರ ಒಂದು ತೋಟದಲ್ಲಿ ನಿಂತಿದ್ದ. ಪಾನಾ ಎಲ್ಲಿ ಎಂದು ಕೇಳಿದ್ದಕ್ಕೆ ಅವನು ಮೊದಲು ಹವಾಮಾನದ ಬಗ್ಗೆ ಮಾತಾಡಿದ, ಆಮೇಲೆ ಆ ತೋಟದ ಮೆಣಸಿನ ಬೆಳೆಯನ್ನು ಹೊಗಳಿದ.

“ರೀ, ಪಾನಾ.”

“ಏ ಇವಳ, ಬೋರಿನಾಗ ಬಿತ್ತಲ್ಲ. ಈಗಷ್ಟ ಬಿತ್ತು. ಬಿದ್ದ ಸಪ್ಪಳ ಇನ್ನೂ ಬಂದಿಲ್ಲ, ಅಷ್ಟ ಆಳ ಐತಿ.”

ವಿಷಯ ತಿಳಿದ ಮೇಲೆ ಅವನು ಗಾಬರಿಯಿಂದ ಒಂದು ಕೆಲಸ ಮಾಡಿದ. ಊರಿನ ಮಿಸ್ತ್ರಿಗಳ ವಾಟ್ಸಾಪ್ ಗುಂಪಿಗೆ, ಅವ್ವನ ಗಂಟಲು ಉಳಿಸಲು ತಕ್ಷಣ ಕಬ್ಬಿಣ ಬೇಕಾಗಿದೆ, ಇದ್ದವರು ಬಳೆಯ ಹತ್ತಿರ ಬನ್ನಿ ಎಂದು ಬರೆದ. ಯಾವ ಕಬ್ಬಿಣ, ಎಷ್ಟು, ಏಕೆ, ಏನನ್ನೂ ಬರೆಯಲಿಲ್ಲ. ಆಮೇಲೆ ಏನಾಯಿತೆಂದು ಹೇಳಿದರೆ ನಂಬುವವರು ಕಡಿಮೆ. ಕಲ್ಲಗಡದ ಎಲ್ಲ ಗ್ಯಾರೇಜುಗಳು ಬಾಗಿಲು ಹಾಕಿದವು. ಟ್ರ್ಯಾಕ್ಟರಿನಲ್ಲಿ ಬಂದರು, ಟಂಟಂ ಆಟೊದಲ್ಲಿ ಬಂದರು, ಡ್ರೈವರುಗಳು ಬಸ್ಸು ತುಂಬ ಜಾಕುಗಳನ್ನು ಹೇರಿಕೊಂಡು ಬಂದರು. ಪಾನಾ, ಸುತ್ತಿಗೆ, ಕೊಡಲಿ, ಕುಡಗೋಲು, ಹಾರೆ, ತೊಟ್ಟಿಲ ಸರಪಳಿ, ರೊಟ್ಟಿ ಹಂಚು. ಗುಡ್ಡದ ಬುಡದಲ್ಲಿ ಕಬ್ಬಿಣದ ಇನ್ನೊಂದು ಗುಡ್ಡ ಎದ್ದಿತು. ಮೇಲೆ ಹಾರುತ್ತಿದ್ದ ವಿಮಾನಗಳ ದಿಕ್ಸೂಚಿಗಳು ಕಲ್ಲಗಡದ ಕಡೆ ತಿರುಗಿದವೆಂದು ಹೇಳುವವರಿದ್ದಾರೆ. ಗೇಟಿನವನು ಜನರನ್ನು ಒಳಗೆ ಬಿಡಲಾರೆನೆಂದ; ಜನ, ನಮ್ಮನ್ನು ಬಿಡಬೇಡ, ನಮ್ಮ ಕಬ್ಬಿಣ ಬಿಡು ಎಂದರು.

ಶಾನುಭೋಗರು ಕಿಟಕಿಯಿಂದ ನೋಡಿ ಕೂತುಬಿಟ್ಟರು. ಆದರೆ ವಿಜ್ಞಾನಿಯೊಳಗೆ ಎಲ್ಲೋ ಒಂದು ಹುಡುಗುತನ ಉಳಿದಿರುತ್ತದೆ. ಒಂದೊಂದನ್ನೇ ಇಟ್ಟು ನೋಡೋಣ ಎಂದು ಅವರೇ ಹೇಳಿದರು. ನೀಲಾಂಬಿಕೆ ಒಂದು ಕಬ್ಬಿಣವನ್ನು ಸುರಂಗದಲ್ಲಿ ಇಡುವುದು, ಹೊರಬಂದು ಬಾಗಿಲು ಹಾಕುವುದು, ಬಳೆ ಓಡಿಸುವುದು, ಅಂಕಿ ನೋಡುವುದು, ಬಳೆ ನಿಲ್ಲಿಸುವುದು, ಮತ್ತೆ ಒಳಗೆ ಹೋಗುವುದು. ಗೇಟಿನ ಹೊರಗೆ ಯಾರೋ ಪ್ರತಿ ಸಲದ ಅಂಕಿಯನ್ನು ಕ್ರಿಕೆಟ್ ಸ್ಕೋರಿನಂತೆ ಹೇಳತೊಡಗಿದರು. ಬಸ್ಸಿನ ಜಾಕು ಮಲಗಿರಬೇಕಾದ ಅಲಗನ್ನು ಕಂಬದಂತೆ ನಿಲ್ಲಿಸಿತು, ಅಂದರೆ ಬೇಕಾದದ್ದಕ್ಕೆ ಪೂರ್ತಿ ಅಡ್ಡ. ಜಾಕಿನ ಯಜಮಾನ ತಲೆ ತಗ್ಗಿಸಿದ. ಹಂಚು ಏನೂ ಮಾಡಲಿಲ್ಲ. ಬಂದ ಪಾನಾಗಳಲ್ಲಿ ಒಂದೂ ಚನ್ನವೀರನದರ ಗಾತ್ರ ತೂಕಕ್ಕೆ ಹೊಂದಲಿಲ್ಲ. ಕುಡಗೋಲು ಅಲಗನ್ನು ತೆಳ್ಳಗೆ ಮಾಡಿತು, ಕುಡಗೋಲಿನವರು ಸಿಳ್ಳೆ ಹೊಡೆದರು. ಆದರೆ ಓರೆ ಈಗ ಇನ್ನೊಂದು ಕಡೆಗಿತ್ತು. ಇನ್ನೊಂದು ಕುಡಗೋಲು, ಸ್ವಲ್ಪ ಸಣ್ಣದು. ಅದು ಸಾಲದು. ಮತ್ತೊಂದು. ಅದು ಹೆಚ್ಚು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ನೀಲಾಂಬಿಕೆ ಸೋತು ಹೊರಗಿನ ಬೆಂಚಿಗೆ ಬಂದಳು. ಅಲ್ಲಿ ಸುದ್ದಿ ಕೇಳಿ ಬಂದ ರೆಹಾನಾ ಮತ್ತು ದ್ಯಾಮವ್ವ ಕೂತಿದ್ದರು. ಕಬ್ಬಿಣ ಯಾವುದೆಂಬುದು ಮುಖ್ಯವಲ್ಲ, ಅದು ಎಷ್ಟು ಓರೆಯಲ್ಲಿ ಕೂತಿದೆ ಎಂಬುದೇ ಮುಖ್ಯ ಎಂದು ಅವಳಿಗೆ ಈಗ ಹೊಳೆದಿತ್ತು. ಬೇಕಾಗಿದ್ದದ್ದು ಕೊಂಚ ತೆರೆಯಲು, ಕೊಂಚ ಮುಚ್ಚಲು ಬರುವ ಕಬ್ಬಿಣ, ಎರಡು ತೋಳಿನದ್ದು, ತೆರೆದಷ್ಟೇ ತೆರೆದು ನಿಲ್ಲುವಂಥದ್ದು. ಹೀಗೆಂದು ಅವಳು ತನಗೆ ತಾನೇ ಹೇಳಿಕೊಂಡಳು, ಕೈಯಲ್ಲಿ ಆಕಾರ ಮಾಡಿ ತೋರಿಸುತ್ತ.

ದ್ಯಾಮವ್ವ ಸೊಸೆಯ ಕೈ ನೋಡಿದಳು. ಆಮೇಲೆ ರೆಹಾನಾರ ಕಡೆ ಓರೆಗಣ್ಣಿನಿಂದ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲವನ್ನು ನಿಧಾನವಾಗಿ, ಪೊಲೀಸರ ಮುಂದೆ ಮಾಲು ತೆಗೆಯುವವಳಂತೆ ತೆಗೆದು, ಒಳಗಿನಿಂದ ಅಡಿಕೆ ಕತ್ತರಿಸುವ ತನ್ನ ಅಡಕೊತ್ತನ್ನು ಸೊಸೆಯ ಅಂಗೈಯಲ್ಲಿಟ್ಟಳು. ಅವಳ ಅವ್ವ ಮದುವೆಯಲ್ಲಿ ಕೊಟ್ಟ ಅಡಕೊತ್ತು, ತೋಳು ಉದ್ದ, ಕೀಲು ಬಿಗಿ.

“ಎಲಿ ಅಡಿಕಿ ಬಿಡ್ರಿ ಅಂತ ನಾ ಹೇಳಿ ಎಷ್ಟ ದಿನ ಆತ್ರಿ ಅಮ್ಮಾರ?” ಎಂದರು ರೆಹಾನಾ.

ದ್ಯಾಮವ್ವ ಗಂಟಲು ಮುಟ್ಟಿಕೊಂಡು, ತನಗೆ ಮಾತು ಬರುವುದಿಲ್ಲವೆಂದು ಸನ್ನೆ ಮಾಡಿದಳು.

ಅಡಕೊತ್ತನ್ನು ಅರ್ಧ ತೆರೆದು, ಕೀಲು ಸರಿಯದಂತೆ ತಾಮ್ರದ ತಂತಿ ಸುತ್ತಿ, ಕುಂಕುಮದ ಗುರುತಿನ ಮೇಲೆ ಇಟ್ಟು ಬಂದಳು ನೀಲಾಂಬಿಕೆ. ಓರೆ ಅರ್ಧಕ್ಕೆ ಇಳಿಯಿತು. ಒಂದು ನೂಲು ಹೆ‌ಚ್ಚು ತೆರೆದಳು, ಇನ್ನೂ ಇಳಿಯಿತು. ಇನ್ನೊಂದು ನೂಲು. ನಿಯಂತ್ರಣ ಕೊಠಡಿಯಲ್ಲಿ ಕುರ್ಚಿಗಳೆಲ್ಲ ಖಾಲಿ, ಎಲ್ಲರೂ ಪರದೆಯ ಮುಂದೆ ನಿಂತಿದ್ದರು. ಓರೆ ಸೊನ್ನೆಗೆ ಬಂದು ನಿಂತಿತು. ದಪ್ಪದ ಅಂಕಿ ಖಂಡೇಪೂಜೆಯ ದಿನದ ಅಂಕಿಯನ್ನೂ ದಾಟಿ ಕೆಳಗೆ ಹೋಯಿತು, ಅದಕ್ಕಿಂತ ತೆಳ್ಳಗಾದರೆ ಎಲೆಕ್ಟ್ರಾನುಗಳು ಒಂದರ ಮೇಲೊಂದು ಕೂತು ಪ್ರಯಾಣ ಮಾಡಬೇಕು ಎನ್ನುವಷ್ಟು ಕೆಳಗೆ. ಶಾನುಭೋಗರು ತೆಗೆಯಿರಿ ಎಂದರು, ತೆಗೆದಾಗ ದಪ್ಪವಾಯಿತು. ಇಡಿ ಎಂದರು; ತೆಳ್ಳಗಾಯಿತು. ತೆಗೆಸಿದರು, ಇಡಿಸಿದರು. ಅಳತೆ ಒಂದು ಸಲವೂ ಮಾತು ತಪ್ಪಲಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಆಮೇಲೆ, ಇದು ಬರೆದಿಡುವಂಥ ಸಂಗತಿ, ಮೂರನೆಯ ಹಲ್ಲನ್ನೂ ತೋರಿಸಿದರು.

ಅಲಗು ಹೊಡೆಯುವ ದಿನ ದ್ಯಾಮವ್ವ ಗುಡ್ಡದೊಳಗಿನ ಕೊಠಡಿಯಲ್ಲಿ, ಅಚ್ಚು ಹಾಕಿ ಮಾಡಿದ ಕುತ್ತಿಗೆಪಟ್ಟಿಯೊಳಗೆ ಅಲ್ಲಾಡದೆ ಮಲಗಿದ್ದಳು. ರೆಹಾನಾ ಅವಳ ಪಕ್ಕದ ಕೊಠಡಿಯಲ್ಲಿ, ನೀಲಾಂಬಿಕೆ ಚೂಪುಗಣ್ಣಿನ ಮುಂದೆ. ನಿಯಮದ ಪ್ರಕಾರ ಪ್ರತಿ ಹೊಡೆತಕ್ಕೂ ಮೊದಲು ಅಳೆಯುವವರು ‘ಸರಿ’ ಎನ್ನಬೇಕು. ಅವರು ಅನ್ನದೆ ಅಲಗು ಹೊರಡುವಂತಿಲ್ಲ. ಅತ್ತೆ ಮಲಗುವ ಮುನ್ನ ಸೊಸೆಯ ಕೈ ಹಿಡಿದು ಪಿಸುಮಾತಿನಲ್ಲಿ ಕೇಳಿದ್ದಳು.

“ಗೊತ್ತಾತೇನ ಈಗ?”

“ಗೊತ್ತಾತ್ರಿ ಅತ್ತಿ. ಸುಳ್ಳ ಹೇಳಂಗಿಲ್ಲ ಅದು.”

“ಹಂಗಾರ ಬಿಡು ಬಸ್ಸು.”

ಮೊದಲ ಅಂಕಿ ಬಂತು. ನೀಲಾಂಬಿಕೆ ನೋಡಿದಳು. ‘ಸರಿ’ ಎಂದಳು. ಕೂದಲಿನ ನೂರನೆಯ ಸೀಳು, ಬೆಳಕಿನ ಓಟದಲ್ಲಿ, ಅತ್ತೆಯ ಗಂಟಲಿನಲ್ಲಿ ನರಕ್ಕೂ ಗಂಟಿಗೂ ನಡುವೆ ಹಾದುಹೋಯಿತು. ಸದ್ದಿಲ್ಲ, ಹೊಳಪಿಲ್ಲ. ಮುಂದಿನ ಅಂಕಿ. ಸರಿ. ಮುಂದಿನದು. ಸರಿ. ನಡುವೆ ಒಮ್ಮೆ ಅಂಕಿ ಒಂದಿಷ್ಟು ಮೇಲೇರಿತು. ನೀಲಾಂಬಿಕೆ ಬಾಯಿ ಮುಚ್ಚಿ ಕೂತಳು, ಇಡೀ ಗುಡ್ಡ ಬಾಯಿ ಮುಚ್ಚಿ ಕೂತಿತು. ಅಂಕಿ ಇಳಿಯಿತು. ಸರಿ. ಅಷ್ಟು ಹೊತ್ತಿನಲ್ಲಿ ಅವಳ ಒಂದೊಂದು ‘ಸರಿ’ಗೂ ಒಂದೊಂದು ಕೂದಲು ಬೆಳ್ಳಗಾಯಿತೆಂದು ಹೇಳಬಹುದು, ಆದರೆ ಅವಳು ಹಾಗೆ ಹೇಳುವವರನ್ನು ಸುಮ್ಮನೆ ಬಿಡುವುದಿಲ್ಲ. ಶಾನುಭೋಗರಿಗೆ ತಂದಿಟ್ಟ ಚಹಾ ಆರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರೆಹಾನಾ ಬಂದು, ಗಂಟು ಹೋಯಿತು, ನರ ಫೋಟೊದಲ್ಲಿ ಇದ್ದ ಹಾಗೇ ಕಾಣುತ್ತಿದೆ ಎಂದರು. ಕಂಡ ಮಾತ್ರಕ್ಕೆ ಕೆಲಸ ಮಾಡುತ್ತದೆಂದು ಹೇಳಲಾರೆ ಎಂದೂ ಅಂದರು. ತಾನು ಹೇಳುವ ತನಕ ದ್ಯಾಮವ್ವ ಒಂದು ಅಕ್ಷರವನ್ನೂ ಆಡಕೂಡದು. ಕಲ್ಲಗಡ ಆ ದಿನಗಳನ್ನು ಹೇಗೆ ಕಳೆಯಿತೆಂದು ಕೇಳಬೇಡಿ. ಮೌನ ತಡೆಯಲಾರದೆ ನಿಲ್ದಾಣದ ಗುಬ್ಬಿಗಳು ಬೇರೆ ಊರಿಗೆ ವರ್ಗಾವಣೆ ಕೇಳಿದವು.

ದೀಪಾವಳಿಯ ಹಿಂದಿನ ದಿನ ರೆಹಾನಾ ಅವಳನ್ನು ತಪಾಸಣೆಗೆ ಕರೆಸಿದರು. ಅದೇ ಗುಡ್ಡದ ಕೊಠಡಿ. ನೀಲಾಂಬಿಕೆಗೆ ಅಲ್ಲಿರಲು ಆಗಲಿಲ್ಲ. ಎರಡನೆಯ ರೋಗಿಗಾಗಿ ಬಳೆಯನ್ನು ಸಿದ್ಧ ಮಾಡಬೇಕಿತ್ತು. ಅವಳು ಚೂಪುಗಣ್ಣಿನ ಮುಂದೆ ಕೂತಿದ್ದಳು, ಕಿವಿ ಗೋಡೆಯಾಚೆ, ಕಣ್ಣು ಪರದೆಯ ಮೇಲೆ. ಅಲಗಿನ ಗೆರೆ ಕೆರೆಯ ನೀರಿನಂತೆ ನಿಶ್ಚಲವಾಗಿತ್ತು. ಗೋಡೆಯಾಚೆ ರೆಹಾನಾ, ಮೆಲ್ಲಗೆ ‘ಆ’ ಅನ್ನಿ ಎಂದು ಹೇಳುತ್ತಿರಬೇಕು ಎಂದುಕೊಂಡಳು. ಏನೂ ಕೇಳಿಸಲಿಲ್ಲ. ಗೋಡೆ ಆಳುದ್ದ ಕಾಂಕ್ರೀಟಿನದು, ಕೇಳಿಸುವಂತೆಯೂ ಇರಲಿಲ್ಲ.

ಆಗ ಪರದೆಯ ಮೇಲಿನ ಗೆರೆ ನಡುಗಿತು.

ಸಣ್ಣ ನಡುಕ. ಮತ್ತೊಂದು, ಅದಕ್ಕಿಂತ ದೊಡ್ಡದು. ಆಮೇಲೆ ಗೆರೆ ಎದ್ದು ಕುಣಿಯಿತು. ಎಚ್ಚರಿಕೆಯ ದೀಪ ಹತ್ತಿತು. ಶಾನುಭೋಗರು ಕುರ್ಚಿಯಿಂದ ಎದ್ದು, ಭೂಕಂಪವೋ ಏನೋ, ಬಳೆ ನಿಲ್ಲಿಸಿ ಎಂದು ಗುಂಡಿಗೆ ಕೈ ಹಾಕಿದರು. ಚೂಪುಗಣ್ಣಿನ ಹತ್ತಿರ ಪೆನ್ನು ಬೀಳಿಸಿದವರನ್ನೂ ಗದರುತ್ತಿದ್ದ ನೀಲಾಂಬಿಕೆ, ಅವರ ಕೈ ಹಿಡಿದು ನಿಲ್ಲಿಸಿದಳು.

“ಮುಟ್ಟಬ್ಯಾಡ್ರಿ ಸರ್. ಬಳಿ ಸರಿ ಐತಿ.” ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅದು ನಮ್ಮ ಅತ್ತಿ.”

ಗೆರೆ ಮೆಲ್ಲಗೆ ತಣ್ಣಗಾಗಿ ನೆಟ್ಟಗೆ ಮಲಗಿತು. ಅಂಕಿ ಬೇಕಾದಲ್ಲಿಗೆ ಬಂದು ನಿಂತಿತು, ಅಳತೆಯವರಿಗೆ ಇದಕ್ಕಿಂತ ಒಳ್ಳೆಯ ಅಂಕಿ ಜನ್ಮದಲ್ಲಿ ಸಿಗಲಾರದು. ನೀಲಾಂಬಿಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅದು ಇನ್ನೊಮ್ಮೆ ಕೆಡಲಿ ಎಂದು ಕಾಯುತ್ತ ಕೂತಳು.